ಸಹಾಯ ಬೇಕು: ಲೋಣಾವಳದಲ್ಲಿ ಜೊತೆಗೆ ಟ್ರೈನಿಂಗ್ ಮಾಡಿದವರನ್ನು ಹುಡುಕೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು, ನೌಕಾಪಡೆಯಿಂದ ನಿವೃತ್ತ. ಎಂಬತ್ತರ ದಶಕದ ಶುರುವಿನಲ್ಲಿ ಲೋಣಾವಳದಲ್ಲಿರುವ ನೌಕಾಪಡೆಯ ಎಂಜಿನಿಯರಿಂಗ್ ತರಬೇತಿ ಕೇಂದ್ರ ಐಎನ್‌ಎಸ್ ಶಿವಾಜಿಯಲ್ಲಿ ಆರ್ಟಿಫಿಸರ್ ಅಪ್ರೆಂಟಿಸ್ (ತಾಂತ್ರಿಕ ಕೆಲಸ ಕಲಿಯುವ ನಾವಿಕ) ಆಗಿದ್ದೆ. ಹಾಸನ, ಚಿಕ್ಕಮಗಳೂರು ಕಡೆಯ ಹುಡುಗರು ಸುಮಾರು ಜನ ಇದ್ದೆವು. ಕಬ್ಬಿಣದ ತುಂಡಿಗೆ ಅರ ಹಾಕಿ ಹಾಕಿ ಅಂಗೈಯೆಲ್ಲ ಬೊಬ್ಬೆ. ನನಗೆ ಪೆನ್ನು ಹಿಡಿಯೋಕಾಗದ ದಿನ ಮನೆಗೆ ಕಾಗದ ಬರೆದುಕೊಟ್ಟವನು ಅರಸೀಕೆರೆ ಕಡೆಯವನು. ಅವನೇ ಇನ್ನೂ ಸಿಕ್ಕಿಲ್ಲ.

ಈ ಡಿಸೆಂಬರ್ 4, ನೌಕಾಪಡೆ ದಿನಕ್ಕೆ ಎಲ್ಲರನ್ನೂ ಕುಟುಂಬ ಸಮೇತ ಹಾಸನದಲ್ಲಿ ಸೇರಿಸಬೇಕು ಅಂತ ಆಸೆ. ಅರವತ್ತು ದಾಟಿದೆ, ಇನ್ನು ಮುಂದೆ ಹಾಕೋದು ಬೇಡ.

ಪೆನ್ಷನ್ ಬರುವವರು ಒಬ್ಬರಿಂದ ಒಬ್ಬರು ಸಿಕ್ಕಿದರು. ಕಷ್ಟ ಆಗಿರೋದು ಪೆನ್ಷನ್‌ಗೆ ಮೊದಲೇ ಸರ್ವಿಸ್ ಬಿಟ್ಟವರದು. ಅವರು ರಕ್ಷಣಾ ಪೆನ್ಷನ್‌ನ ಆನ್‌ಲೈನ್ ವ್ಯವಸ್ಥೆ ‘ಸ್ಪರ್ಶ್’ನಲ್ಲೂ ಇಲ್ಲ. ನನ್ನ ಹತ್ತಿರ ಇರೋದು ಒಂದು ಗ್ರೂಪ್ ಫೋಟೋ. ಹಿಂದೆ ಇಂಕಿನಲ್ಲಿ ಹೆಸರು, ಸರ್ವಿಸ್ ನಂಬರ್, ಅದೂ ಥಂಡಿಗೆ ಅರ್ಧ ಕಲಸಿದೆ. ಫೇಸ್‌ಬುಕ್‌ನಲ್ಲಿ ಹುಡುಕಿದೆ, ಕಡೂರು, ಮೂಡಿಗೆರೆ ಕಡೆಯ ಮಾಜಿ ಸೈನಿಕರನ್ನೂ ಕೇಳಿದೆ. ನೌಕಾಪಡೆಯ ದಾಖಲೆ ಕಚೇರಿಗೆ ಬರೆದೆ, ವಿಳಾಸ ಕೊಡೋಕಾಗಲ್ಲ ಅಂದರು. ಮಾಹಿತಿ ಹಕ್ಕಿನಲ್ಲಿ ಕೇಳೋಣ ಅಂದರೆ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ ಆ ಕಾಯ್ದೆಯ 8(1)(ಜೆ) ಕಲಂ ಅಡ್ಡ ಬರುತ್ತೆ. ವೈಯಕ್ತಿಕ ಮಾಹಿತಿ ಹಾಗೆ ಕೊಡಬಾರದು ಅನ್ನೋದೂ ಸರಿಯೇ.

ಆದರೆ ವಿಳಾಸ ನನಗೆ ಬೇಡ. ಅಂಚೆಚೀಟಿ ಹಚ್ಚಿ, ಹೆಸರು, ನಂಬರ್ ಬರೆದ ಆಮಂತ್ರಣ ಕೊಟ್ಟರೆ ಕಡತದಲ್ಲಿರುವ ವಿಳಾಸಕ್ಕೆ ಕಚೇರಿಯವರೇ ಕಳಿಸಿಕೊಡ್ತಾರಾ? ಹೀಗೆ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ? ಅರ್ಜಿಯನ್ನು ನೇರವಾಗಿ ಬರೆಯಬಹುದಾ, ಇಲ್ಲಾ ಸೈನಿಕ ಕಲ್ಯಾಣ ಇಲಾಖೆ ಮೂಲಕವೇ ಹೋಗಬೇಕಾ? ದಯವಿಟ್ಟು ತಿಳಿದವರು ಹೇಳಿ.