ತಾತನ ಟ್ರಂಕಿನಲ್ಲಿ ಗೌಹರ್ ಜಾನ್ ಪ್ಲೇಟು ಸಿಕ್ಕಿದೆ, ಅನುಭವ ಇದ್ದವರು ಹೇಳಿ

ಒಂಟಿಕೊಪ್ಪಲಿನವ: ಅಟ್ಟದ ಟ್ರಂಕಿನಲ್ಲಿ 11 ಪ್ಲೇಟುಗಳಿದ್ದವು. ಒಂದರ ಮೇಲೆ ಹಳೇ ಕಾಲದ ಗಾಯಕಿ ಗೌಹರ್ ಜಾನ್ ಹೆಸರು, ಗೆರೆ ಒಂದೇ ಕಡೆ, ಲೇಬಲ್ಲಿನಲ್ಲಿ ರೆಕ್ಕೆಯ ದೇವತೆ. ತಾತನ ಚಾವಿ ಗ್ರಾಮಫೋನೂ ಓಡುತ್ತೆ. ಅದರಲ್ಲೇ ಹಾಕಲಾ, ಇಲ್ಲ ಯಾರಿಗಾದರೂ ಕೊಟ್ಟು ಡಿಜಿಟಲ್ ಮಾಡಿಸಲಾ?

ಅರಗಿನವ: ಕೊಡಲೇಬೇಡಿ. ನಾನು ಕೊಟ್ಟು ಕೆಟ್ಟೆ. ಪ್ಲೇಟಿಗೆ 450ರಂತೆ ಆರಕ್ಕೆ 2,700 ತಗೊಂಡ ಮಹಾನುಭಾವ ಕೊಳೆ ತೆಗೆಯೋಕೆ ಸ್ಪಿರಿಟ್ ಹಚ್ಚಿದ! ಪ್ಲೇಟಿನಲ್ಲಿರೋ ಅರಗು (ಶೆಲ್ಯಾಕ್) ಸ್ಪಿರಿಟ್ಟಿನಲ್ಲಿ ಕರಗುತ್ತೆ ಅಂತ ಪಾಲಿಶ್ ಹೊಡೆಯೋ ಹುಡುಗನಿಗೂ ಗೊತ್ತು. ಗಾಯಕಿ ಜೋಹ್ರಾಬಾಯಿ ಆಗ್ರೇವಾಲಿಯ ಪ್ಲೇಟು ಬೂದಿ ಬಳಿದ ಹಾಗೆ ವಾಪಸ್ ಬಂತು. ಆಮೇಲೆ ಹಟಕ್ಕೆ ಬಿದ್ದು ವೇಗ ಏರಿಳಿಸಬಹುದಾದ ಟರ್ನ್‌ಟೇಬಲ್ ತಂದೆ, 18,500. ನಿಮಿಷಕ್ಕೆ 78 ಸುತ್ತಿನ ಈ ಹಳೇ ಪ್ಲೇಟುಗಳ ಸೂಜಿ ಬೇರೆ 4,200. ಆಮೇಲೆ ಬಂದ ಎಲ್‌ಪಿ ಪ್ಲೇಟಿನ ಸೂಜಿ ತೀರಾ ಸಣ್ಣ, ಗೆರೆಯ ತಳ ಕೆರೆಯುತ್ತೆ ಅಷ್ಟೆ. ಕೊರಿಯರ್ 780. ಮನೆಯಲ್ಲಿ ಹೇಳಿರೋದು ಒಟ್ಟು 9,000 ಅಂತ.

ಕುಂದಗೋಳದಾಂವ: ರೊಕ್ಕದ ಲೆಕ್ಕ ಬಿಡ್ರಿ. ಚಾವಿ ಪೆಟ್ಟಿಗ್ಯಾಗ ಕೇಳೂದ ಚಂದ. ನಮ್ಮಪ್ಪ ಪ್ರತಿ ಪ್ಲೇಟಿಗೂ ಹೊಸಾ ಸೂಜಿ ಹಾಕಾಂವ, ಹಳೀದು ಮುಟ್ಟಿದ್ರ ಬೈತಿದ್ದ. ಅಬ್ದುಲ್ ಕರೀಂ ಖಾನ್‌ಸಾಹೇಬ್ರ ‘ಜಮುನಾ ಕೆ ತೀರ್’ ಹಚ್ಚಿದ್ರ ಓಣಿ ಮಂದಿ ಕಟ್ಟಿಗೆ ಬಂದು ಕೂಡ್ತಿದ್ರು. ಮೈಕ್ ಇಲ್ಲದ, ಕೊಂಬಿನಾಗ ಬಾಯಿ ಇಟ್ಟು ಹಾಡಿದ ಕಾಲದ್ದು ಅದು!

ಕಪ್ಪು ಒಂದು: ಅಲ್ಲ. ಅದು 1930ರ ದಶಕದ್ದು, ಮೈಕಿನ ಮುಂದೆ ಹಾಡಿದ್ದು. ಖಾನ್‌ಸಾಹೇಬರ ಕೊಂಬಿನ ಕಾಲದ ಪ್ಲೇಟುಗಳು 1905ರ ಸುಮಾರಿನವು, ಬೇರೆಯೇ ಇವೆ. ಕೊಂಬಿಗೆ ತಗ್ಗಿನ ನಾದ ಹಿಡಿಸಲ್ಲ. ತಂಬೂರಿ ಮಾಯ, ತಬಲಾ ಜೋಡಿಯ ಡಗ್ಗಾ ಮಾಯ, ಹಾರ್ಮೋನಿಯಂ ಮಾತ್ರ ಕಿವಿಗೆ ಬಡಿಯುತ್ತೆ.

ಇನ್ನೊಂದು, 78 ಅಂತ ಕಣ್ಣು ಮುಚ್ಚಿ ತಿರುಗಿಸಬೇಡಿ. ಆಗ ವೇಗಕ್ಕೆ ಒಂದು ಕಟ್ಟಳೆ ಇರಲಿಲ್ಲ. 71ರಲ್ಲಿ ಹಿಡಿದದ್ದನ್ನು 78ರಲ್ಲಿ ಹಾಕಿದರೆ ಶ್ರುತಿ ಹಾರ್ಮೋನಿಯಂನ ಸುಮಾರು ಒಂದೂವರೆ ಮನೆಯಷ್ಟು ಮೇಲಕ್ಕೆ ಹೋಗುತ್ತೆ, ತಾನಗಳೂ ಓಡುತ್ತವೆ. ಆ ಓಟ ನಿಜ ಅಂದುಕೊಂಡು ಎರಡು ವರ್ಷ ಗಂಟಲು ಹರಿದುಕೊಂಡೆ. ಗುರುಗಳು ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಕುಂದಗೋಳದಾಂವ: ಸವಾಯಿ ಗಂಧರ್ವರ ಊರಾಂವಗ ಅವರ ಗುರು ಖಾನ್‌ಸಾಹೇಬ್ರ ಪಾಠ ಹೇಳಾಕ ಬರಬ್ಯಾಡ್ರಿ.

ಕಪ್ಪು ಒಂದು: ಊರು ಹಾಡಲ್ಲ ಸ್ವಾಮಿ.

ಮಲ್ಲೇಶ್ವರದ ಸೊಸೆ: ಇಬ್ಬರೂ ಸ್ವಲ್ಪ ಸುಮ್ಮನಿರಿ. ಚಾವಿ ಪೆಟ್ಟಿಗೆ ಆಸೆಗೆ ನಾನು ಕಳಕೊಂಡಿದ್ದು 22,000. ಹಳೇ ಸಾಮಾನಿನ ಅಂಗಡಿಯವ ‘ನೂರು ವರ್ಷದ್ದು’ ಅಂದ. ಹಿತ್ತಾಳೆ ಕೊಂಬು ಮೊನ್ನೆ ಮಾಡಿದ್ದು, ಪೆಟ್ಟಿಗೆ ಪ್ಲೈವುಡ್ಡು. ಸೂಜಿ ಹಿಡಿಯೋ ಸೌಂಡ್‌ಬಾಕ್ಸು ನೂರು ಗ್ರಾಂ ಮೇಲೆ ಭಾರ, ಮೂರು ಪ್ಲೇಟು ಹೆರೆದು ಕಪ್ಪು ಪುಡಿ ಉದುರಿಸಿತು. ಸೀರೆ ಸೆರಗಲ್ಲಿ ಒರೆಸುತ್ತಾ ಅತ್ತಿದ್ದೀನಿ. ಗೌಹರ್ ಪ್ಲೇಟಿಗೆ ಹಾಗೆ ಮಾಡಬೇಡಿ. ಆಕೆ ಮೊದಲ ಸಲ ಕೊಂಬಿಗೆ ಹಾಡಿದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗುತ್ತಾಳಲ್ಲ, ಅದು ಜಂಬಕ್ಕಲ್ಲ. ಪ್ಲೇಟು ಅಚ್ಚಾಗ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಲೇಬಲ್ ಅಂಟಿಸೋರಿಗೆ ಹಾಡಿದ್ದು ಯಾರು ಅಂತ ಗೊತ್ತಾಗಲಿ ಅಂತ. 1928ರಲ್ಲಿ ನಿಮ್ಮ ಮೈಸೂರು ಅರಮನೆಗೇ ಬಂದು, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡಳು.

ಅರಗಿನವ: ಜಂಬ ಇರಲಿಲ್ಲ ಅಂತ ನಿಮಗೆ ಯಾರು ಹೇಳಿದ್ದು ಮೇಡಂ? ಜಂಬ ಪಡೋ ಅಷ್ಟು ಹಾಡ್ತಿದ್ದಳು.

ಒಂಟಿಕೊಪ್ಪಲಿನವ: ಹಾಗಾದ್ರೆ ತಾತನ ಪೆಟ್ಟಿಗೆಯಲ್ಲಿ ಹಾಕಬಾರದು ತಾನೇ?

ಕುಂದಗೋಳದಾಂವ: ಹಾಕ್ರಿ.

ಮಲ್ಲೇಶ್ವರದ ಸೊಸೆ: ಹಾಕಬೇಡಿ!!

ಕಪ್ಪು ಒಂದು: ಮೊದಲು ಬೇರೆ ಯಾವುದಾದರೂ ಹಾಳು ಪ್ಲೇಟಿನ ಕೆಳಗೆ ಕಾಗದದ ಚೂರು ಸಿಕ್ಕಿಸಿ, ಒಂದು ನಿಮಿಷಕ್ಕೆ ಎಷ್ಟು ಸುತ್ತು ಅಂತ ಎಣಿಸಿ.

ಕುಂದಗೋಳದಾಂವ: ಎಣಿಸೂದು ಇರ್ಲಿ. 1905ರ ಖಾನ್‌ಸಾಹೇಬ್ರ ಪ್ಲೇಟು ನಿಮ್ಮ ಹತ್ರ ಐತೇನು? ಫೋಟೊ ಹಾಕ್ರಿ ಮೊದ್ಲ.