ಅಪ್‌ಡೇಟ್: ಒಹಾಯೊ ಸೈನಿಕನ ಸಾವಿನ ದಾಖಲೆ ಸಿಕ್ಕಿತು

ಅಮೆರಿಕದ ಅಂತರ್ಯುದ್ಧದಲ್ಲಿ ಸತ್ತ ಒಹಾಯೊ ಸೈನಿಕನೊಬ್ಬನ ಸಾವಿನ ದಿನಾಂಕ, ಸಮಾಧಿ ಎಲ್ಲಿ ಹುಡುಕಬೇಕು ಅಂತ ಹೋದ ವಾರ ಕೇಳಿದ್ದೆ. ಸಿಕ್ಕಿತು.

ನ್ಯಾಷನಲ್ ಪಾರ್ಕ್ ಸರ್ವೀಸ್‌ನ (ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ) ಅಂತರ್ಯುದ್ಧ ಸೈನಿಕರ ಡೇಟಾಬೇಸ್ ನೋಡಿ ಅಂದಿದ್ದಿರಿ. ಅದರಿಂದ ಅರ್ಧ ಕೆಲಸವಷ್ಟೇ ಆಯಿತು: ರೆಜಿಮೆಂಟ್ (ಸೇನಾ ತುಕಡಿ), ಕಂಪನಿ (ಅದರೊಳಗಿನ ಚಿಕ್ಕ ತುಕಡಿ), ದರ್ಜೆ ಇದೆ, ಸಾವಿನ ದಿನಾಂಕ ಇಲ್ಲ. ಆದರೂ ಮೊದಲು ಅಲ್ಲಿಗೇ ಹೋಗಿ. ಯಾಕಂದ್ರೆ ಫಲ ಕೊಟ್ಟ ಸಲಹೆ, ಅಂದರೆ ರಾಜ್ಯವೇ 1886ರಿಂದ 1895ರವರೆಗೆ 12 ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಅಧಿಕೃತ ರೋಸ್ಟರ್ (ಸೈನಿಕರ ಪಟ್ಟಿ), ಜೋಡಿಸಿರೋದು ರೆಜಿಮೆಂಟ್, ಕಂಪನಿ ಪ್ರಕಾರ. ಹೆಸರೊಂದನ್ನೇ ಹಿಡಿದು ಹೊರಟರೆ ಪುಟ ತಿರುವಿ ಸಾಕಾಗುತ್ತೆ. ಹೆಸರು, ದರ್ಜೆ, ವಯಸ್ಸು, ಸೇರಿದ ದಿನ, ಅವಧಿ ಆದಮೇಲೆ ಕೊನೆಯ ಷರಾ ಕಾಲಂ ಓದಿ; ಸತ್ತ ದಿನ, ಊರು ಇರೋದು ಅಲ್ಲೇ. ವಯಸ್ಸು ಸೇರುವಾಗಿನದು, ಸಾಯುವಾಗಿನದಲ್ಲ.

ಸಮಾಧಿಗೆ ಕ್ವಾರ್ಟರ್‌ಮಾಸ್ಟರ್ ಜನರಲ್ ಕಚೇರಿಯ (ಸೇನೆಯ ಸರಬರಾಜು ಕಚೇರಿ) 27 ಸಂಪುಟಗಳ 'ರೋಲ್ ಆಫ್ ಆನರ್', ಅಂದರೆ ಸತ್ತ ಸೈನಿಕರ ಸಮಾಧಿಗಳ ಪಟ್ಟಿ, ಒಳ್ಳೆಯದೇ. ಆದರೆ ಯುದ್ಧ ಮುಗಿದ ಮೇಲೆ ಸಾವಿರಾರು ದೇಹಗಳನ್ನು ಅಗೆದು ರಾಷ್ಟ್ರೀಯ ಸ್ಮಶಾನಗಳಿಗೆ ಸಾಗಿಸಿದ್ದರಿಂದ, ಪಟ್ಟಿಯಲ್ಲಿರೋದು ಮೊದಲು ಹೂತ ಜಾಗವೂ ಆಗಿರಬಹುದು. ಇದು ನನಗೆ ಹೊಸದು.

ಜರ್ಮನ್ ಹೆಸರಾದರೆ ಷ್ಮಿಟ್, ಸ್ಮಿತ್ ಎರಡರಲ್ಲೂ ಹುಡುಕಿ. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾರೆ.