ಮೊಲ ಮಾಂಸಕ್ಕೆ ಯಾವ ಗಂಡು ತರಲಿ?

ಕೇಳಿದವರು, ಚಿಂತಾಮಣಿ ಕಡೆ: ನ್ಯೂಜಿಲೆಂಡ್ ವೈಟ್ ತಳಿಯ ಹೆಣ್ಣು ಹತ್ತು, ಗಂಡು ಎರಡು ಇವೆ. ಮೂರು ತಿಂಗಳಾದರೂ ಮರಿ ಒಂದೂವರೆ ಕೆ.ಜಿ. ದಾಟುತ್ತಿಲ್ಲ. ಗ್ರೇ ಜೈಂಟ್ ಅನ್ನೋ ದೊಡ್ಡ ತಳಿಯ ಗಂಡಿಗೆ ಅಡ್ವಾನ್ಸ್ ಕೊಟ್ಟಿದ್ದೇನೆ. ಕ್ರಾಸ್ ಮಾಡಿಸಿದರೆ ತೂಕ ಬರುತ್ತಾ? ಮಾಡಿ ನೋಡಿದವರು ಹೇಳಿ.

ಹಾಸನ ಕಡೆಯವರು: ನಾನೂ ಗ್ರೇ ಜೈಂಟ್ ತಂದಿದ್ದೆ. ಮರಿ ನೋಡೋಕೆ ದಪ್ಪ. ಆದರೆ ದೊಡ್ಡ ತಳಿ ಮೊದಲು ಮೂಳೆ ಬೆಳೆಸುತ್ತೆ, ಮಾಂಸ ತುಂಬೋದು ಆಮೇಲೆ. ಅಷ್ಟು ದಿನ ಫೀಡ್ ಹಾಕೋರು ಯಾರು?

ಆಮೇಲೆ ಕ್ಯಾಲಿಫೋರ್ನಿಯನ್ ಗಂಡು ತಂದೆ. ಬಿಳಿ ಮೈ, ಕಿವಿ ಮೂಗು ಕಾಲು ಬಾಲ ಮಾತ್ರ ಕಪ್ಪು. ಕೈಯಲ್ಲಿ ಹಿಡಿದರೆ ಸೊಂಟ, ತೊಡೆ ಗಟ್ಟಿಯಾಗಿ ತುಂಬಿರುತ್ತೆ. ಅದನ್ನು ನ್ಯೂಜಿಲೆಂಡ್ ವೈಟ್ ಹೆಣ್ಣಿಗೆ ಬಿಟ್ಟೆ. ಆ ಹೆಣ್ಣು ಜಾಸ್ತಿ ಮರಿ ಹಾಕುತ್ತೆ, ಹಾಲೂ ಚೆನ್ನಾಗಿರುತ್ತೆ. ಮೊದಲ ಕ್ರಾಸಿನ ಮರಿಗಳನ್ನು ಚೀಲದಲ್ಲಿ ಹಾಕಿ ಕೊಕ್ಕೆ ತಕ್ಕಡಿಗೆ ತೂಗಿದೆ. 12 ವಾರಕ್ಕೆ 2 ಕೆ.ಜಿ. ಆಸುಪಾಸು, ಎಲ್ಲವೂ ಹೆಚ್ಚುಕಡಿಮೆ ಒಂದೇ ಸಮ.

ಖುಷಿಗೆ ಆ ಮರಿಗಳನ್ನೇ ಬೆಳೆಸಿ ಅಣ್ಣ ತಂಗಿ ಅಂತಲೂ ನೋಡದೆ ಜೋಡಿ ಹಾಕಿದೆ. ಅಲ್ಲೇ ಕೆಟ್ಟಿದ್ದು. ಮುಂದಿನ ಸೂಲಿನಲ್ಲಿ ಒಂದು ಮರಿ 2 ಕೆ.ಜಿ., ಪಕ್ಕದ್ದು 1 ಕೆ.ಜಿ. ಈಗ ಕ್ರಾಸ್ ಮರಿ ಪೂರ್ತಿ ಮಾಂಸಕ್ಕೇ. ತಾಯಿ ಮಾತ್ರ ಶುದ್ಧ ತಳಿಯದ್ದೇ ಇಟ್ಟುಕೊಳ್ಳುತ್ತೇನೆ.

ಕೋಲಾರದವರು: ತಳಿಗಿಂತ ಮೊದಲು ಗೂಡು ನೋಡಿ ಸಾರ್. ಒಂದು ಹೆಣ್ಣಿಗೆ ಹತ್ತು ಮರಿ ಬಿಟ್ಟರೆ ಎಲ್ಲವೂ ಸಣಕಲು. ನಾನು ಒಂದೇ ದಿನ ಎರಡು ಮೂರು ಹೆಣ್ಣನ್ನು ಗಂಡಿಗೆ ಬಿಡುತ್ತೇನೆ. 31 ದಿನಕ್ಕೆ ಒಟ್ಟಿಗೇ ಮರಿ ಹಾಕುತ್ತವೆ, ಹೆಚ್ಚಾದ ಮರಿಯನ್ನು ಇನ್ನೊಂದರ ಗೂಡಿಗೆ ಹಾಕಬಹುದು. ಹೆಣ್ಣನ್ನೇ ಗಂಡಿನ ಪಂಜರಕ್ಕೆ ಒಯ್ಯಿರಿ. ಗಂಡನ್ನು ಹೆಣ್ಣಿನ ಪಂಜರಕ್ಕೆ ಬಿಟ್ಟರೆ ಕಚ್ಚಿ ಓಡಿಸುತ್ತೆ. ಬರೀ ಹುಲ್ಲಲ್ಲಿ ತೂಕ ಬರಲ್ಲ, ಕುದುರೆ ಮೆಂತ್ಯ ಸೊಪ್ಪು, ಸ್ವಲ್ಪ ಫೀಡ್ ಬೇಕೇಬೇಕು.

ಇನ್ನೊಬ್ಬರು: ಹೊಸ ಗಂಡನ್ನು ಏಪ್ರಿಲ್‌ನಲ್ಲಿ ತರಬೇಡಿ. ಶೀಟಿನ ಶೆಡ್ಡಲ್ಲಿ ಸೆಕೆಗೆ ನನ್ನ ಗಂಡು ಎರಡು ತಿಂಗಳು ಕೆಲಸಕ್ಕೇ ಬರಲಿಲ್ಲ. ಹೆಣ್ಣು ಗಬ್ಬ ಕಟ್ಟಲೇ ಇಲ್ಲ. ಅಂದಹಾಗೆ, ನಿಮ್ಮ ಎರಡು ಗಂಡು ಎಲ್ಲಿಂದ ತಂದಿದ್ದು?

ಕೇಳಿದವರು: ಮಾರಿದವರಿಗೆ ಫೋನ್ ಮಾಡಿದೆ. ಎರಡೂ ಗಂಡು ಒಂದೇ ಸೂಲಿನವಂತೆ, ಹತ್ತು ಹೆಣ್ಣಲ್ಲಿ ಆರು ಅದೇ ತಾಯಿವಂತೆ. ನಾನೂ ಅಣ್ಣ ತಂಗಿಯನ್ನೇ ಜೋಡಿ ಹಾಕಿದ್ದೆ ಅಂತಾಯ್ತು. ಈಗ ಗ್ರೇ ಜೈಂಟ್‌ಗೆ ಕೊಟ್ಟ ಅಡ್ವಾನ್ಸ್ ವಾಪಸ್ ಕೇಳೋದು ಹೇಗೆ, ಅದನ್ನೂ ಹೇಳಿ.